ವಿಶಾಖಾ ಕೋಂ ರಾಜರತ್ನ

"ವಿಶಾಖಾ, ಹೊರಗ ಯಾರ ಬಂದಾರ ನೋಡು" ಎಂದು ಅತ್ತೆ ಮುದುಕವ್ವ ಕೂಗಿದಳು. "ಏನ್ರಿ ಅತ್ತಿ" ಎಂದು ಇಬ್ಬರು ಓಗೊಟ್ಟರು.

ಒಬ್ಬಳು ಅಂಗಳದಲ್ಲಿ ನಿಂತಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಐದು ವರ್ಷದ ಮಗಳು ಗೌತಮಿ. ಸಾರವಾಡದ ತವರಿಗೆ ಹೋಗಿ, ಲಕ್ವ ಹೊಡೆದು ಮಲಗಿದ ತಾಯಿಯ ಹೇಲುಚ್ಚೆ ಬಳಿದು, ಇಪ್ಪತ್ತಮೂರನೇ ದಿನ ಆಕೆಯನ್ನು ಮಣ್ಣು ಮಾಡಿ, ಈಗಷ್ಟೇ ಬಬಲೇಶ್ವರದಲ್ಲಿ ಬಸ್ಸಿಳಿದು ಬಂದಿದ್ದಳು. ಇನ್ನೊಬ್ಬಳು ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಮೈಮೇಲೆ ಇದ್ದದ್ದು ಅಂಗಳದಲ್ಲಿ ನಿಂತವಳ ಹಸಿರು ಸೀರೆ.

"ಇಕಿ ಯಾರ್ರಿ ಅತ್ತಿ?"

"ವಿಶಾಖಾ."

"ಮತ್ತ ನಾ?"

ಮುದುಕವ್ವ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು. ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. "ನೀನೂ ಆಗಿದ್ದಿ. ಇಲ್ಲ ಅನ್ನಂಗಿಲ್ಲ. ಈಗ ಇಕಿ ಆಗ್ಯಾಳ. ನಿನಗ ಒಂದ ಹೆಣ್ಣಾತು, ಆಮ್ಯಾಲ ಎರಡ ಹೊಟ್ಟ್ಯಾಗ ಹೋದವು. ನನ್ನ ಮಗಾ ಎಷ್ಟ ದಿನಾ ಕಾಯಬೇಕ?"

"ಅದಕ್ಕ ನನ್ನ ಹೆಸರೂ ತಗದ ಕೊಟ್ಟ್ರೇನು?"

"ನಿನ್ನ ಹೆಸರ? ಅದು ಈ ಮನಿ ಹೆಸರ ಬೇ. ಸೊಸಿ ಬದಲಾದ್ರ ರೇಷನ್ ಕಾರ್ಡ್ ಯಾಕ ಬದಲ ಮಾಡಬೇಕ? ಅದನ್ನ ತಿದ್ದಸಾಕ ಆಫೀಸಿಗೆ ಎಷ್ಟ ಸಲ ತಿರಗಬೇಕ, ನಿನಗೇನ ಗೊತ್ತ?"

ಗಂಡ ರಾಜರತ್ನ ಸಂಜೆ ಐದೂವರೆಗೆ ಬಂದ. ಊರಿನ ಖಾಸಗಿ ಹೈಸ್ಕೂಲೊಂದರಲ್ಲಿ ಗುಮಾಸ್ತ. ಕೇರಿಯಲ್ಲಿ ಯಾರಿಗೇ ಜಾತಿ ಪ್ರಮಾಣಪತ್ರ ಬೇಕಾದರೂ, ಹಾಸ್ಟೆಲ್ ಸೀಟು ಬೇಕಾದರೂ ಇವನೇ ಅರ್ಜಿ ಬರೆಯಬೇಕು. ಅವನು ಹೊಡೆಯಲಿಲ್ಲ. ಬೈಯಲೂ ಇಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ.

"ಗದ್ದಲ ಬ್ಯಾಡ. ಕಾಗದದ ಪ್ರಕಾರ ಏನೂ ಆಗಿಲ್ಲ. ನಾ ಎರಡನೇ ಮದುವಿ ಆಗಿಲ್ಲ. ಹೆಂಡ್ತೀನ ಬಿಟ್ಟೂ ಇಲ್ಲ. ನಂಗ ಮೊದಲೂ ಒಬ್ಬಾಕಿ ಹೆಂಡ್ತಿ, ವಿಶಾಖಾ. ಈಗೂ ಒಬ್ಬಾಕಿನ."

"ಹಂಗಾರ ನಾ ಯಾರ?"

"ಪರಸವ್ವ" ಅಂದ.

ಎಂಟು ವರ್ಷಗಳಲ್ಲಿ ಆ ಹೆಸರನ್ನು ಅವನು ಒಂದು ಸಲವೂ ಬಾಯಿಗೆ ತಂದಿರಲಿಲ್ಲ. ಮರೆತೂ ಇರಲಿಲ್ಲ.

ಹೆಸರು ಬದಲಿಸಿದವನೇ ಅವನು. ಮದುವೆಯ ದಿನ ಅಕ್ಕಿ ಹರವಿದ ತಾಟಿನಲ್ಲಿ ಉಂಗುರದಿಂದ ವಿಶಾಖಾ ಎಂದು ಬರೆದಿದ್ದ. ಪರಸವ್ವ ಅನ್ನುವುದು ದೇವಿಯ ಗುಡ್ಡಕ್ಕೆ ಹರಕೆ ಹೊತ್ತು ಇಡುವ ಹೆಸರು, ತಲೆ ತಗ್ಗಿಸುವ ಹೆಸರು, ನಾವೀಗ ಬುದ್ಧನ ಮಕ್ಕಳು, ನಮಗೆ ಹೊಸ ಹೆಸರು ಬೇಕು ಎಂದು ಬಿಳಿ ಪೆಂಡಾಲಿನ ಕೆಳಗೆ ಸಣ್ಣ ಭಾಷಣವನ್ನೇ ಮಾಡಿದ್ದ. ಮಂದಿ ಚಪ್ಪಾಳೆ ತಟ್ಟಿದ್ದರು. ಆಕೆಗೂ ಹಿಗ್ಗಾಗಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಒಲೆಯ ಬೂದಿಯಲ್ಲಿ ಕಡ್ಡಿಯಿಂದ ವಿಶಾಖಾ, ವಿಶಾಖಾ ಎಂದು ಬರೆದು ಸಹಿ ಕಲಿತಳು. ಬಾವಿಯ ಹತ್ತಿರ ಯಾರಾದರೂ ಹಳೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ರೇಷನ್ ಕಾರ್ಡು ವಿಶಾಖಾ. ಓಟಿನ ಚೀಟಿ ವಿಶಾಖಾ. ಮಗಳು ಹುಟ್ಟಿದಾಗ ಆಸ್ಪತ್ರೆಯ ಕಾಗದದಲ್ಲೂ ತಾಯಿ ವಿಶಾಖಾ. ಆಧಾರ್ ಮಾತ್ರ ತವರಿನದು. ಅದರಲ್ಲಿ ಪರಸವ್ವ ಉಳಿದುಬಿಟ್ಟಿದ್ದಳು.

ಆ ಸಂಜೆ ಪರಸವ್ವ ಅಂಗಳದಲ್ಲೇ ಕೂತಳು. ಗೌತಮಿ ಹಸಿವು ಅಂದಳು. ಒಳಗಿನ ವಿಶಾಖಾ ಒಂದು ರೊಟ್ಟಿ ತಂದು ಕೊಟ್ಟಳು. ಕಣ್ಣೆತ್ತಿ ನೋಡಲಿಲ್ಲ. ರೊಟ್ಟಿ ತಿಂದಾದ ಮೇಲೆ ಮುದುಕವ್ವ ಬಾಗಿಲು ಹಾಕಿಕೊಂಡಳು.

ತಾಯಿ ಇಲ್ಲದ ತವರಿಗೆ ಮತ್ತೆ ಹೋಗಲಾರದೆ, ಮಗಳನ್ನು ಕಟ್ಟಿಕೊಂಡು ಕೂಲಿ ಹುಡುಕುತ್ತಾ ತಿಕೋಟಾ ಸೇರಿದಳು.

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಯಾರೂ ಹೆಸರು ಕೇಳುವುದಿಲ್ಲ. ಕೈ ನೋಡುತ್ತಾರೆ. ಹಸಿ ದ್ರಾಕ್ಷಿಯ ಗೊಂಚಲನ್ನು ಬುಟ್ಟಿಗೆ ತುಂಬಬೇಕು. ಔಷಧದ ನೀರಿನಲ್ಲಿ ಅದ್ದಬೇಕು. ಎತ್ತಿ ಸೋರಿಸಬೇಕು. ಬಲೆಯ ಮೇಲೆ ಹರವಬೇಕು. ಮತ್ತೆ ಬುಟ್ಟಿ. ಬೆಳಗಿನ ಏಳರಿಂದ ಸಂಜೆಯ ಆರರವರೆಗೆ ಸೊಂಟ ಬಗ್ಗಿದ್ದು ಬಗ್ಗಿದ್ದೇ. ಔಷಧದ ನೀರು ಮೊದಲ ವಾರ ಉಗುರಿನ ಸಂದಿ ಕೊರೆಯಿತು. ಎರಡನೇ ವಾರ ಬೆರಳ ತುದಿಯ ತೊಗಲು ಬಿಳಿಚಿತು. ತಿಂಗಳಿಗೆ ಸುಲಿಯಿತು. ಮತ್ತೆ ಬಂದ ತೊಗಲು ಗಾಜಿನ ಹಾಗೆ ನುಣ್ಣಗಿತ್ತು. ಊಟಕ್ಕೆ ಕೂತರೆ ಖಾರ ಮುಟ್ಟಲು ಆಗದು. ಎದುರಿಗೆ ಬುಟ್ಟಿ ಹಿಡಿಯುತ್ತಿದ್ದ ಹಾಜಿರಾಬಿಯೇ ತುತ್ತು ಕಲಸಿ ಕೊಡುತ್ತಿದ್ದಳು. ಅವಳ ಮನೆಯ ಪಕ್ಕದ ತಗಡಿನ ಖೋಲಿಯಲ್ಲೇ ತಾಯಿ ಮಗಳು ಇದ್ದರು.

ಗೌತಮಿಯನ್ನು ಶಾಲೆಗೆ ಹಚ್ಚಲು ಹೋದಾಗ ತೊಡಕು ಶುರುವಾಯಿತು. ಅಕ್ಕೋರು ಚೀಲದಲ್ಲಿದ್ದ ಹುಡುಗಿಯ ಜನನ ಪತ್ರದ ನಕಲು ನೋಡಿದರು, ತಾಯಿಯ ಆಧಾರ್ ನೋಡಿದರು.

"ಹುಡುಗಿ ತಾಯಿನ ಕರಕೊಂಡ ಬರ್ರಿ."

"ನಾನ ರೀ ತಾಯಿ."

"ನೀವು ಪರಸವ್ವ ಅದೀರಿ. ತಾಯಿ ವಿಶಾಖಾ ಅಂತ ಅದ."

ಹುಡುಗಿ ಸದ್ಯ ಕೂರಲಿ, ಕಾಗದ ಆಮೇಲೆ ತನ್ನಿ ಅಂದರು. ಪರಸವ್ವ ಆಧಾರ್ ತಿದ್ದಿಸಲು ವಿಜಯಪುರಕ್ಕೆ ಹೋದಳು. ಗಾಂಧಿ ಚೌಕದ ಹತ್ತಿರದ ಒಂದು ಅಂಗಡಿ. ಸಾಲಿನಲ್ಲಿ ನಾಲ್ಕು ತಾಸು. ಯಂತ್ರದ ಮೇಲೆ ಹೆಬ್ಬೆರಳು ಒತ್ತಿದಳು. ಕೆಂಪು ದೀಪ. "ಬ್ಯಾರೆ ಬೆರಳ ಇಡ್ರಿ" ಅಂದ ಯಂತ್ರದವ. ಕೆಂಪು ದೀಪ. ಹತ್ತೂ ಬೆರಳು ಮುಗಿದವು.

"ಬಾಯಾರ, ನಿಮಗ ಬೆರಳ ಇಲ್ರಿ" ಅಂದ.

ಆಕೆ ಎರಡೂ ಕೈ ಎತ್ತಿ ತೋರಿಸಿದಳು. ಅವನು ಪರದೆ ತೋರಿಸಿದ. ಪರದೆಯ ಮೇಲೆ ಹತ್ತು ಬಿಳಿ ಚುಕ್ಕೆಗಳಿದ್ದವು, ಗೆರೆ ಒಂದೂ ಇಲ್ಲ.

ಖೋಲಿಗೆ ಬಂದು ಹೇಳಿದಾಗ ಹಾಜಿರಾಬಿ ಬಿದ್ದು ಬಿದ್ದು ನಕ್ಕಳು. "ಹೆಸರ ಎರಡ, ಬೆರಳ ಒಂದೂ ಇಲ್ಲ. ಅಲ್ಲಾ ಸರಿಯಾಗೇ ತೂಗ್ಯಾನ ತಗೋ!" ಆಮೇಲೆ ನಗು ನಿಲ್ಲಿಸಿದಳು. "ಪರಸಿ, ಹುಡುಗಿ ಅಪ್ಪಗ ಸುಮ್ನ ಬಿಡಬ್ಯಾಡ ಬೇ. ಕೋರ್ಟಿಗೆ ಹಾಕು. ಪುಕ್ಕಟೆ ವಕೀಲ್ರ ಇರ್ತಾರ. ನಮ್ಮ ಅಕ್ಕನ ಮಗಳಿಗೆ ಒಬ್ಬಾಂವ ಗಂಡನ ಕಡಿಂದ ರೊಕ್ಕಾ ಕೊಡಿಸ್ಯಾನ. ಹುಡುಗ ಅದಾನ, ಖರೆ ಮಾತಾಡ್ತಾನ."

ಆ ಹುಡುಗ ವಕೀಲನ ಹೆಸರು ಮುನಾಫ. ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವನ ಆಫೀಸು. ಒಂದು ಮೇಜು, ಎರಡು ಕುರ್ಚಿ, ತಿರುಗುವಾಗ ಕೊಂಯ್ ಅನ್ನುವ ಫ್ಯಾನು. ಪರಸವ್ವ ಎಲ್ಲ ಹೇಳಿದಳು. ಅವನು ಎಲ್ಲ ಬರೆದುಕೊಂಡ. ಅರ್ಜಿಯಲ್ಲಿ "ವಿಶಾಖಾ ಕೋಂ ರಾಜರತ್ನ" ಎಂದು ಹಾಕಿದ. ಯಾರ ಹೆಂಡತಿ ಅನ್ನುವುದನ್ನು ಕೋರ್ಟಿನ ಕಾಗದಗಳು ಕೋಂ ಎನ್ನುವ ಒಂದೇ ಅಕ್ಷರದಲ್ಲಿ ಮುಗಿಸುತ್ತವೆ. ತನಗೆ ಮತ್ತು ಮಗಳಿಗೆ ಜೀವನಾಂಶ ಬೇಕು. ಅಷ್ಟೇ ಕೇಳಿದ್ದು.

ಎರಡು ತಿಂಗಳಿಗೆ ರಾಜರತ್ನನ ತಕರಾರು ಬಂತು. ಮುನಾಫ ಅದನ್ನು ನಿಂತುಕೊಂಡೇ ಓದಿದ.

"ಸದರಿ ನನ್ನ ಹೆಂಡತಿ ವಿಶಾಖಾ ಎಂಬವಳು ನನ್ನೊಂದಿಗೆ ಬಬಲೇಶ್ವರದ ಮನೆಯಲ್ಲಿ ಸುಖದಿಂದ ಬಾಳುವೆ ಮಾಡಿಕೊಂಡಿದ್ದು, ಆಕೆಗೆ ನನ್ನ ಮೇಲೆ ಯಾವುದೇ ದೂರು ಇರುವುದಿಲ್ಲ. ಆಕೆಯ ಪ್ರಮಾಣಪತ್ರ ಲಗತ್ತಿಸಿದೆ. ಅರ್ಜಿದಾರಳು ಎಂದು ಹೇಳಿಕೊಳ್ಳುವ ಪರಸವ್ವ ಎಂಬವಳು ನಮ್ಮ ಮನೆಯಲ್ಲಿ ಕಸ ಮುಸುರೆ ಕೆಲಸಕ್ಕಿದ್ದವಳಿದ್ದು, ಅಪ್ರಾಪ್ತ ವಯಸ್ಸಿನ ನನ್ನ ಮಗಳು ಗೌತಮಿಯನ್ನು ಪುಸಲಾಯಿಸಿ ಕರೆದೊಯ್ದಿರುತ್ತಾಳೆ. ಕಾರಣ, ಮಗುವನ್ನು ಅದರ ತಾಯಿಯಾದ ವಿಶಾಖಾಳ ವಶಕ್ಕೆ ಕೊಡಿಸಬೇಕಾಗಿ ವಿನಂತಿ."

ಲಗತ್ತಿಸಿದ ಪ್ರಮಾಣಪತ್ರದ ಕೆಳಗೆ ಸಹಿ: ವಿಶಾಖಾ. ಪರಸವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಶಾ ಅಕ್ಷರದ ಬಾಲ ಉದ್ದವಾಗಿತ್ತು. ತಾನು ಹಾಗೇ ಬರೆಯುತ್ತಿದ್ದಳು. ಹೊಸಬಳಿಗೆ ಹೆಸರು ಕೊಟ್ಟವರು ಸಹಿಯನ್ನೂ ಕಲಿಸಿದ್ದರು.

"ಕಸಾ ಮುಸುರಿ ಮಾಡಿದ್ದು ಖರೆ ಐತಿ" ಅಂದಳು.

ಮುನಾಫ ಕೂತ. "ಅಕ್ಕಾರ, ಹಿಂಗ ನೋಡ್ರಿ. ನೀವು ವಿಶಾಖಾ ಆದ್ರ ಗಂಡನ ಮನ್ಯಾಗ ಸುಖದಿಂದ ಅದೀರಿ. ಜೀವನಾಂಶ ಯಾಕ ಬೇಕ? ನೀವು ಪರಸವ್ವ ಆದ್ರ, ಗೌತಮಿ ನಿಮ್ಮ ಮಗಳಲ್ಲ. ಆಕಿನ ಕೊಟ್ಟ ಬಿಡಬೇಕ."

"ನಾ ಎರಡೂ ಹೌದಲ್ರಿ."

"ಖರೆ. ಆದ್ರ ಖರೇಕ್ಕ ಕಾಗದ ಬೇಕ್ರಿ. ಸುಳ್ಳಿನ ಕಡೆ ಕಾಗದ ಬಾಳ ಅದಾವ."

"ರಕ್ತಾ ಪರೀಕ್ಷಾ ಮಾಡತಾರಂತಲ್ರಿ?"

"ಅದಕ್ಕೂ ಅರ್ಜಿ. ಅದಕ್ಕೂ ಅವ್ರ ತಕರಾರು. ಅದು ಬರೂತನಕ ಹುಡುಗಿ ಯಾರ ಕಡೆ ಇರಬೇಕು ಅನ್ನೂದು ಮೊದಲ ಬರತದ."

ಆ ದಿನದಿಂದ ಪರಸವ್ವ ಹುಡುಗಿಯನ್ನು ಶೆಡ್ಡಿಗೇ ಕರೆದೊಯ್ಯತೊಡಗಿದಳು. ಶಾಲೆಯಿಂದ ಯಾರಾದರೂ ಎತ್ತಿಕೊಂಡು ಹೋದರೆ? ಬಾಗಿಲಲ್ಲಿ ಬೈಕು ನಿಂತರೆ ಸಾಕು, ಬುಟ್ಟಿ ಬಿಟ್ಟು ಓಡಿ ಹೊರಗೆ ನೋಡುತ್ತಿದ್ದಳು. ಜೀವನಾಂಶದ ಮಾತು ಆಕೆಯ ತಲೆಯಿಂದ ಹೋಗಿತ್ತು. ಮಗಳು ಉಳಿಯಬೇಕು.

ಸಾಕ್ಷಿ ಹುಡುಕಿದರು. ಮದುವೆಯ ಫೋಟೋ ತವರಿನಲ್ಲಿ ಒಂದಿತ್ತು. ಅದರಲ್ಲಿ ಮದುಮಗಳು ಬುದ್ಧನ ಪಾದಕ್ಕೆ ಹಣೆ ಹಚ್ಚಿದ್ದಳು. ಕಾಣುತ್ತಿದ್ದದ್ದು ಹೂ ಮುಡಿದ ತುರುಬು. ಮುನಾಫ ಅದನ್ನು ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. "ತುರುಬು ಸಾಕ್ಷಿ ಆಗೂದಿಲ್ರಿ" ಅಂದ.

ಬಬಲೇಶ್ವರದ ಕೇರಿಯ ಹಿರಿಯ ಶಂಕ್ರೆಪ್ಪ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವನು. ಪರಸವ್ವ ಅವನ ಮನೆಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ.

"ಶಂಕ್ರೆಪ್ಪಕಾಕಾ, ನನ್ನ ಮದುವ್ಯಾಗ ನೀ ಇದ್ದಿಲ್ಲೇನ?"

"ಇದ್ದೆ. ವಿಶಾಖಾನ ಮದುವ್ಯಾಗ ಗಟ್ಟಿ ಉಂಡೀನಿ."

"ಆ ವಿಶಾಖಾ ನಾನ ಹೌದಿಲ್ಲೋ?"

ಶಂಕ್ರೆಪ್ಪ ಅತ್ತಿತ್ತ ನೋಡಿದ. ಮೊಮ್ಮಗನ ಹಾಸ್ಟೆಲ್ ಅರ್ಜಿ ರಾಜರತ್ನನ ಮೇಜಿನ ಮೇಲಿತ್ತು. "ತಂಗೀ, ನಾ ಸುಳ್ಳ ಹೇಳಾಂವಲ್ಲ. ವಿಶಾಖಾ ಗಂಡನ ಮನ್ಯಾಗ ಅದಾಳ. ನಿನ್ನೆ ಚಾ ಕೊಟ್ಟಳು."

ಕೋರ್ಟಿನಲ್ಲಿ ಮೇಡಂ ಜಡ್ಜು ಇದ್ದರು. ಮೈಸೂರು ಕಡೆಯವರು, ದನಿ ಮೆತ್ತಗೆ. ಮಗುವನ್ನೇ ಕೇಳೋಣ ಅಂದರು. ಏಳು ತುಂಬಿದ ಗೌತಮಿಯನ್ನು ಹತ್ತಿರ ಕರೆದು ಚಾಕಲೇಟು ಕೊಟ್ಟರು.

"ನಿಮ್ಮಮ್ಮ ಯಾರು ಪುಟ್ಟಾ?"

ಗೌತಮಿ ಬೆರಳು ಮಾಡಿ ಪರಸವ್ವನನ್ನು ತೋರಿಸಿದಳು.

"ಅವರ ಹೆಸರೇನು?"

ಹುಡುಗಿ ಕೈ ಕಟ್ಟಿ ನಿಂತಳು. ಶಾಲೆಯಲ್ಲಿ ಕಲಿಸಿದ ಹಾಗೆ ಒಂದೇ ಉಸಿರಿಗೆ ಹೇಳಿದಳು. "ನನ್ನ ಹೆಸರು ಗೌತಮಿ, ತಂದೆಯ ಹೆಸರು ರಾಜರತ್ನ, ತಾಯಿಯ ಹೆಸರು ವಿಶಾಖಾ."

ರಾಜರತ್ನನ ವಕೀಲ ಎದ್ದು ನಿಂತ. "ಮಗು ತಾಯಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದೆ, ದಾಖಲಾಗಲಿ. ಬೆರಳು ಮಾಡಿದ್ದು ಹೇಳಿಕೊಟ್ಟದ್ದು."

ದಾಖಲಾಯಿತು. ಬೆರಳು ದಾಖಲಾಗಲಿಲ್ಲ.

ಮುಂದಿನ ತಾರೀಖಿಗೆ ವಿಶಾಖಾ ಖುದ್ದು ಹಾಜರಾಗಬೇಕು ಎಂದು ಆದೇಶವಾಯಿತು. ಯಾವ ವಿಶಾಖಾ ಎಂದು ಜವಾನ ಕೇಳಿದ. ಇರುವವರೆಲ್ಲ ಬರಲಿ ಅಂದರು.

ಆ ದಿನ ಬಂತು. ಪರಸವ್ವ ಮಗಳಿಗೆ ಎರಡು ಜಡೆ ಹಾಕಿ ಕರೆತಂದಳು. ಹಾಜಿರಾಬಿ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬಂದಳು. ವರಾಂಡದಲ್ಲಿ ರಾಜರತ್ನ ಫೈಲು ಹಿಡಿದು ನಿಂತಿದ್ದ. ಪಕ್ಕದ ಬೆಂಚಿನ ಮೇಲೆ ಇನ್ನೊಬ್ಬ ವಿಶಾಖಾ. ಹೊಟ್ಟೆ ಮುಂದೆ ಬಂದಿತ್ತು. ಏಳು ತಿಂಗಳಾಗಿರಬೇಕು.

ಊಟದ ಬಿಡುವಿಗೆ ಸ್ವಲ್ಪ ಮೊದಲು ಮುನಾಫ ಓಡಿ ಬಂದ. ಮುಖದಲ್ಲಿ ಬೆಳಕಿತ್ತು, ಪೂರ್ತಿ ಇರಲಿಲ್ಲ.

"ಅಕ್ಕಾರ, ರಾಜಿಗೆ ಬಂದಾರ. ಹುಡುಗಿ ನಿಮ್ಮ ಕಡೇನ ಇರಲಿ ಅಂತಾರ. ತಿಂಗಳಾ ರೊಕ್ಕಾನೂ ಕೊಡತಾರ. ನಾವು ಕೇಳಿದ್ದಕ್ಕಿಂತ ಜಾಸ್ತಿನ."

"ಮತ್ತೇನ ಬೇಕಂತ ಅವ್ರಿಗೆ?"

"ಒಂದ ಸಹಿ. ಪರಸವ್ವ ಅಂತ. ಹುಡುಗೀನ ಸಾಕೂ ಆಯಾ ಅಂತ ನಿಮ್ಮನ್ನ ಇಟ್ಕೊಂಡೇವಿ ಅಂತ ಬರದಾರ. ರೊಕ್ಕಾ ಜೀವನಾಂಶ ಅಲ್ಲ, ಪಗಾರ."

ಹಾಜಿರಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ "ಹಡದಾಕಿಗೆ ಪಗಾರ!" ಅಂದಳು. "ಹಂಗಾರ ಹಡದ ದಿನದ ಓವರ್‌ಟೈಮೂ ಕೇಳ ಬೇ."

ಮುನಾಫ ನಗಲಿಲ್ಲ. "ನಾ ಸಹಿ ಮಾಡ್ರಿ ಅಂತೀನಿ. ಇಲ್ಲಂದ್ರ ಇವತ್ತ ಹುಡುಗಿ ಅವ್ರ ಕಡೆ ಹೋದ್ರೂ ಹೋದಳ. ಮೂರ ಗಂಟೆಕ್ಕ ಕೇಸ್ ಕೂಗತಾರ. ವಿಚಾರ ಮಾಡ್ರಿ."

ಪರಸವ್ವ ಕಾಗದ ತೆಗೆದುಕೊಂಡಳು. ಓದಿದಳು. ಪಗಾರ ಎಂಬ ಮಾತು ಮೂರು ಕಡೆ ಇತ್ತು. ತಿಂಗಳಿಗೆ ಎರಡು ರಜೆ ಎಂದೂ ಇತ್ತು. ಆ ಎರಡು ದಿನ ಮಗುವನ್ನು ತಾಯಿಗೆ ಒಪ್ಪಿಸತಕ್ಕದ್ದು. ಕೆಲಸ ತೃಪ್ತಿಕರವಾಗಿ ಇಲ್ಲದಿದ್ದರೆ ಒಂದು ತಿಂಗಳ ನೋಟೀಸು ಕೊಟ್ಟು ತೆಗೆದುಹಾಕಬಹುದು.

ಒಂದು ಗಳಿಗೆ ಆಕೆಗೂ ಸಹಿ ಮಾಡಿಬಿಡಬೇಕು ಅನ್ನಿಸಿತು. ಮಗಳು ಕಣ್ಣ ಮುಂದೆ ಇರುತ್ತಾಳೆ. ಔಷಧದ ನೀರಿನಲ್ಲಿ ಕೈ ಅದ್ದುವುದು ತಪ್ಪುತ್ತದೆ. ಕಾಗದದಲ್ಲಿ ಏನಿದ್ದರೇನು? ಈ ಮಾತು ಮನಸ್ಸಿಗೆ ಬಂದ ಕೂಡಲೇ ಮೈ ಉರಿಯಿತು. ಇದು ರಾಜರತ್ನನ ಮಾತು. ಕಾಗದದಲ್ಲಿ ಏನಿದ್ದರೇನು ಎಂದು ತನ್ನಿಂದ ಅನ್ನಿಸಿ, ಕಾಗದವನ್ನೆಲ್ಲ ಅವನು ಇಟ್ಟುಕೊಂಡಿದ್ದ.

ರಾಜರತ್ನ ಮತ್ತು ಅವನ ವಕೀಲ ಊಟಕ್ಕೆ ಹೋದರು. ಬಸುರಿ ಬೆಂಚಿನ ಮೇಲೆ ಒಬ್ಬಳೇ ಉಳಿದಳು. ತುಟಿ ಒಣಗಿತ್ತು. ಪರಸವ್ವ ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತಳು. ಆಕೆ ಹೆದರಿ ಸರಿದಳು.

"ಬಡಿಯೂದಿಲ್ಲ. ಕುಡಿ."

ಕುಡಿದಳು. ಅರ್ಧ ಬಾಟಲಿ.

"ನಿನ್ನ ಹೆಸರೇನವಾ?"

"ವಿಶಾ..."

"ಅದು ನಂಗ ಗೊತ್ತು. ನಿಮ್ಮವ್ವ ಇಟ್ಟಿದ್ದು."

ಆಕೆ ಬಾಟಲಿಯ ಮುಚ್ಚಳ ತಿರುವಿದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. "ಬೌರವ್ವ" ಅಂದಳು. ಕದ್ದು ಏನೋ ತೋರಿಸಿದ ಹಾಗೆ ಅಂದಳು. "ಎರಡ ವರ್ಷ ಆತರಿ ಅಕ್ಕಾ, ಯಾರೂ ಕೇಳಿದ್ದಿಲ್ಲ."

"ಇವತ್ತ ಒಳಗ ಏನ ಹೇಳಬೇಕಂತ ನೀ?"

"ಗೌತಮಿನ ನಾನ ಹಡದೀನಿ ಅಂತ. ಯಾವ ಆಸ್ಪತ್ರಿ, ಎಷ್ಟ ಗಂಟೆಕ್ಕ, ಎಲ್ಲಾ ಬಾಯಿಪಾಠ ಮಾಡಿಸ್ಯಾರ. ಎಷ್ಟ ತಾಸು ಬ್ಯಾನಿ ತಿಂದೆ ಅಂತ ಕೇಳಿದ್ರ ಮಾತ್ರ ನಂಗ ಗೊತ್ತಿಲ್ಲ."

"ಹದಿನಾರ ತಾಸು" ಅಂದಳು ಪರಸವ್ವ. "ಆಮ್ಯಾಲ, ಈ ಹೊಟ್ಟ್ಯಾಗಿಂದು ಯಾರದು?"

"ನಂದ ರೀ!"

"ಆಸ್ಪತ್ರಿ ಕಾಗದದಾಗ ತಾಯಿ ಯಾರ ಅಂತ ಬರಸ್ಯಾರ?"

ಬೌರವ್ವ ರಾಜರತ್ನ ಹೋದ ದಾರಿ ನೋಡಿದಳು.

"ವಿಶಾಖಾ ಅಂತ. ಇದೂ ಹೆಣ್ಣಾತು ಅಂತ ತಿಳಿ. ನೀ ತವರಿಗೆ ಹ್ವಾದಿ ಅಂತ ತಿಳಿ. ಹೊಳ್ಳಿ ಬರೂದರಾಗ ಒಲಿ ಮುಂದ ಮತ್ತೊಬ್ಬಾಕಿ ಕುಂತಿರ್ತಾಳ. ಅತ್ತಿ ವಿಶಾಖಾ ಅಂತ ಕೂಗಿದ್ರ ಆಕಿ ಓ ಅಂತಾಳ. ಆವತ್ತ ನಿನ್ನ ಕೂಸಿನ ಅವ್ವ ಆಕಿ. ನಾನೂ ಅಲ್ಲ, ನೀನೂ ಅಲ್ಲ."

ಬೌರವ್ವ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಆಚೆಯಿಂದ ರಾಜರತ್ನನ ಕೆಮ್ಮು ಕೇಳಿಸಿತು. ಪರಸವ್ವ ಎದ್ದು ಬಂದಳು. ಮುನಾಫನ ಕೈಗೆ ಕಾಗದ ವಾಪಸ್ ಕೊಟ್ಟಳು.

"ಸಹಿ?"

"ಇಲ್ರಿ. ನಾ ಪಗಾರದ ಅವ್ವ ಆಗೂದಿಲ್ಲ."

ಮೂರು ಗಂಟೆಗೆ ಜವಾನ ಬಾಗಿಲಿಗೆ ಬಂದು ಕೂಗಿದ. "ವಿಶಾಖಾ ಕೋಂ ರಾಜರತ್ನಾ..." ಯಾರೂ ಓಗೊಡಲಿಲ್ಲ. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗುವಷ್ಟರಲ್ಲಿ ರಾಜರತ್ನ ಮೊಣಕೈಯಿಂದ ತಿವಿದ. ಬೌರವ್ವ ಎದ್ದಳು. ಕಟಕಟೆ ಹಿಡಿದು ಹತ್ತಿದಳು. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು, ಹೇಳಿದಳು.

"ಹೆಸರು ಹೇಳಿ" ಅಂದರು ಮೇಡಂ.

"ಬೌರವ್ವ ರೀ."

ಹೇಳಿಕೆ ಹೊಡೆಯುತ್ತಿದ್ದ ಟೈಪಿಸ್ಟು ತಲೆ ಎತ್ತಿದ. ರಾಜರತ್ನನ ವಕೀಲ ನಗುತ್ತಾ ಎದ್ದ. "ಗಾಬರಿಯಾಗಬೇ‌ಡಿ. ಪೂರ್ತಿ ಹೆಸರು ಹೇಳಿ."

"ಪೂರ್ತಿ ಅಂದ್ರೂ ಅಷ್ಟರಿ. ಬೌರವ್ವ. ತವರು ಕಾಖಂಡಕಿ."

"ಹಾಗಾದರೆ ವಿಶಾಖಾ ಯಾರು?" ಮೇಡಂ ಕೇಳಿದರು.

"ನಂಗೊತ್ತಿಲ್ರಿ. ನಾ ಬರೂಕಿಂತ ಮೊದಲ ಆ ಮನ್ಯಾಗ ಇದ್ದಳಂತ. ಆಮ್ಯಾಲ ಏನಾದಳೋ."

ಮೇಡಂ ಪರಸವ್ವನ ಕಡೆ ತಿರುಗಿದರು. "ನೀವು ವಿಶಾಖಾ ಅಲ್ವಾ?"

ಮುನಾಫ ಜೋರಾಗಿ ತಲೆ ಆಡಿಸಿದ. ಹೂಂ ಅನ್ನಿ, ಈಗ ಅನ್ನಿ, ಎಲ್ಲ ಮುಗಿಯುತ್ತದೆ.

"ಅಲ್ರಿ. ನಾ ಪರಸವ್ವ."

ಮುನಾಫ ಫೈಲಿನಿಂದ ಹಣೆ ಬಡಿದುಕೊಂಡ.

"ಮತ್ತೆ ವಿಶಾಖಾ ಎಲ್ಲಿ?"

"ಮನ್ಯಾಗ ಸುಖದಿಂದ ಅದಾಳ ಅಂತ ಅವ್ರ ಪ್ರಮಾಣಾ ಮಾಡ್ಯಾರಲ್ರಿ. ಅವ್ರನ್ನ ಕೇಳ್ರಿ."

ಮೇಡಂ ಪೆನ್ನು ಕೆಳಗಿಟ್ಟರು. "ರಾಜರತ್ನ ಅವರೇ, ನಿಮ್ಮ ಹೆಂಡತಿ ಎಲ್ಲಿ?"

ರಾಜರತ್ನ ಫೈಲು ಬಿಚ್ಚಿದ. ಕಾರ್ಡು ತೆಗೆದ, ಚೀಟಿ ತೆಗೆದ, ಜನನ ಪತ್ರ ತೆಗೆದ. "ಇಲ್ಲಿ ಅದಾಳ್ರಿ. ಇದರಾಗೂ ಅದಾಳ್ರಿ."

"ಕಾಗದ ಕೇಳಲಿಲ್ಲ. ಹೆಂಗಸನ್ನು ಕೇಳಿದೆ. ಈ ಇಬ್ಬರೂ ಅಲ್ಲ ಅನ್ನುತ್ತಿದ್ದಾರೆ. ಮನೆಯಲ್ಲಿದ್ದಾಳೆ ಎಂದು ನೀವು ಪ್ರಮಾಣ ಮಾಡಿದ್ದೀರಿ. ಅಂದರೆ ನಿಮ್ಮ ಮನೆಯಿಂದ ಒಬ್ಬಳು ಕಾಣೆಯಾಗಿದ್ದಾಳೆ. ಎಷ್ಟು ದಿನದಿಂದ?"

"ಕಾಣಿ ಆಗಿಲ್ರಿ!"

"ಪೊಲೀಸರಿಗೆ ದೂರು ಕೊಟ್ಟಿದ್ದೀರಾ?"

"ಹಿತ್ತಲಾ ಅಗದ ನೋಡ್ರಿ" ಎಂದು ಹಿಂದಿನಿಂದ ಹಾಜಿರಾಬಿಯ ದನಿ ಬಂತು. ಯಾರೋ ನಕ್ಕರು. ಬಾಗಿಲಲ್ಲಿ ತೂಕಡಿಸುತ್ತಿದ್ದ ಪೊಲೀಸಿನವನು ನಿಜಕ್ಕೂ ಎಚ್ಚತ್ತು ಎರಡು ಹೆಜ್ಜೆ ಮುಂದೆ ಬಂದ.

ರಾಜರತ್ನನ ಕನ್ನಡಕ ಬೆವರಿಗೆ ಜಾರಿತು. ಹತ್ತು ವರ್ಷ ಊರಿನ ಮಂದಿಯ ಅರ್ಜಿ ಬರೆದವನಿಗೆ ಈ ಅರ್ಜಿಯ ನಮೂನೆ ಗೊತ್ತಿರಲಿಲ್ಲ. ಪೊಲೀಸಿನವನನ್ನು ನೋಡಿದ. ಬೌರವ್ವನನ್ನು ನೋಡಿದ. ಆಮೇಲೆ ಪರಸವ್ವನ ಕಡೆ ಕೈ ಚಾಚಿ ಕಿರುಚಿದ.

"ಇಕಿನ ರೀ! ಇಕಿನ ವಿಶಾಖಾ! ಎಂಟ ವರ್ಷ ನನ್ನ ಕೂಡ ಬಾಳೇವ ಮಾಡ್ಯಾಳ. ಗೌತಮಿನ ಹಡದಾಕಿ ಇಕಿನ ರೀ! ಲೇ, ಹೇಳ ಬೇ, ನೀನ ಅಂತ ಹೇಳ!"

ವಕೀಲ ಅವನ ಅಂಗಿ ಜಗ್ಗಿದ. ತಡವಾಗಿತ್ತು. ಟೈಪಿಸ್ಟು ಅಷ್ಟನ್ನೂ ಹೊಡೆದು ಮುಗಿಸಿದ್ದ.

ಮೇಡಂ ಮುಖದ ಗಂಟು ಸಡಿಲವಾಯಿತು. "ಸರಿ. ಅವರೇ ಒಪ್ಪಿಕೊಂಡರಲ್ಲಮ್ಮ. ವಿಶಾಖಾ ಅಂತ ಇಲ್ಲಿ ಸಹಿ ಮಾಡಿ. ಇವತ್ತೇ ತಾತ್ಕಾಲಿಕ ಜೀವನಾಂಶಕ್ಕೆ ಆದೇಶ ಮಾಡುತ್ತೇನೆ. ಮಗು ನಿಮ್ಮ ಹತ್ತಿರವೇ ಇರುತ್ತೆ."

ಮುನಾಫ ತನ್ನ ಪೆನ್ನನ್ನೇ ತೆಗೆದು ಕೊಟ್ಟ. ಗೆದ್ದ ಖುಷಿಗೆ ಮುಚ್ಚಳವನ್ನೂ ತಾನೇ ತೆಗೆದ. ಪರಸವ್ವ ಪೆನ್ನು ಹಿಡಿದಳು. ಕಾಗದದ ಮೇಲೆ ತುದಿ ಇಟ್ಟಳು. ಎತ್ತಿದಳು.

"ಈ ಹೆಸರಿಲೆ ಸಹಿ ಮಾಡೂದಿಲ್ರಿ."

"ಯಾಕಮ್ಮ? ಈಗ ನಿಮ್ಮದೇ ಅಂತ ಆಯ್ತಲ್ಲ."

"ಇದು ಅವ್ರ ಮನಿ ಸಾಮಾನ್ರಿ. ಇವತ್ತ ನಂಗ ಹಾಕ್ತಾರ, ನಾಳೆ ತಗದ ಮತ್ತೊಬ್ಬಾಕಿಗೆ ಹಾಕ್ತಾರ. ಹುಡುಗಿ ಅವ್ವ ಪರಸವ್ವ ಅಂತ ಬರೀರಿ. ಜನನ ಪತ್ರದಾಗೂ ಹಂಗ ತಿದ್ದಸ್ರಿ. ಅಪ್ಪ ಆದಾಂವ ಮಗಳಿಗೆ ಕೊಡೂದು ಕೊಡಲಿ. ಆದ್ರ ನನ್ನ ಹೆಸರಿಲೆ ಕೊಡಲಿ."

"ಹಾಗಾದರೆ ಇವತ್ತು ಆದೇಶ ಆಗಲ್ಲ. ನಿಮ್ಮ ಹೇಳಿಕೆಯನ್ನು ಮೊದಲಿನಿಂದ ಬರೆದುಕೊಳ್ಳಬೇಕಾಗುತ್ತೆ. ಬಹಳ ಹೊತ್ತು ಹಿಡಿಯುತ್ತೆ."

"ಹಿಡೀಲ್ರಿ."

ಮೇಡಂ ಗಡಿಯಾರ ನೋಡಿದರು. ಗೌತಮಿಯನ್ನು ನೋಡಿದರು. ಇತ್ಯರ್ಥ ಆಗುವತನಕ ಮಗು ಇದ್ದಲ್ಲೇ ಇರಲಿ ಎಂದು ಬರೆಸಿ, ಟೈಪಿಸ್ಟಿಗೆ ಹೊಸ ಹಾಳೆ ಹಾಕಲು ಹೇಳಿದರು. ಬೌರವ್ವ ಕೆಳಗಿಳಿದಳು. ರಾಜರತ್ನನ ಪಕ್ಕಕ್ಕೆ ಹೋಗಲಿಲ್ಲ. ಹಾಜಿರಾಬಿ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

ಪರಸವ್ವ ಕಟಕಟೆ ಹತ್ತಿ ನಿಂತಳು.

"ನನ್ನ ಹೆಸರ ಪರಸವ್ವ. ನಮ್ಮವ್ವ ಇಟ್ಟಿದ್ದು. ಗೌತಮಿನ ನಾ ಹಡದೀನಿ. ಹದಿನಾರ ತಾಸು ಚೀರೀನಿ. ಚೀರೂ ಮುಂದ ಯಾರೂ ನನ್ನ ಹೆಸರ ಕೇಳಿದ್ದಿಲ್ಲ."

ಟೈಪಿಸ್ಟು ಹೊಡೆದ. ನಿಲ್ಲಿಸಿದ. ಚೀರೀನಿ ಅನ್ನುವುದನ್ನು ಹೇಗೆ ಬರೆಯಬೇಕು ಎಂದು ಮೇಡಂ ಮುಖ ನೋಡಿದ.

"ಅವರು ಹೇಳಿದ ಹಾಗೇ ಬರೀರಿ" ಅಂದರು ಮೇಡಂ.

"ಬರೆದೆ. ಮುಂದೆ?" ಎಂದು ಟೈಪಿಸ್ಟು ಕೇಳಿದ.

"ಮುಂದ ಬಾಳ ಅದ" ಅಂದಳು ಪರಸವ್ವ. "ಬರೀರಿ."